ಅಪ್ಪನ ಪದ್ಮಿನಿ ವರ್ಷಗಟ್ಟಲೆ ನಿಂತಿದೆ, ಮತ್ತೆ ಓಡಿಸಬಹುದಾ?

ಚೆಂಬೂರು ಹುಡುಗಿ
ಎಲ್ಲರಿಗೂ ನಮಸ್ಕಾರ. ನಾವು ಚೆಂಬೂರಿನ ತಿಲಕ ನಗರದವರು, ಮೂಲ ಕುಂದಾಪುರ ಕಡೆ. ಅಪ್ಪನದ್ದು 1993ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್, ಸ್ಟಿಯರಿಂಗ್ ಪಕ್ಕದ ಗೇರ್. ಅವರಿಗೆ ಕಣ್ಣು ಸರಿಯಾಗಿ ಕಾಣದೆ ಹೋದ ಮೇಲೆ ಗಾಡಿ ಬಿಲ್ಡಿಂಗ್ ಹಿಂದೆ ಟಾರ್ಪಾಲು ಹೊದ್ದುಕೊಂಡು ನಿಂತದ್ದು ನಿಂತೇ ಇದೆ. ಎಷ್ಟು ಮಳೆಗಾಲ ಕಳೆಯಿತೋ ಲೆಕ್ಕವಿಲ್ಲ. ಅಪ್ಪ ಇತ್ತೀಚೆಗೆ ತೀರಿಕೊಂಡರು.

ಈಗ ನಮ್ಮ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗ್ತಿದೆ. ದೀಪಾವಳಿ ಒಳಗೆ ಗಾಡಿ ತೆಗೆಯಿರಿ, ಇಲ್ಲಾಂದ್ರೆ ಭಂಗಾರದವನನ್ನು (ಗುಜರಿಯವನನ್ನು) ಕರೀತೀವಿ ಅಂತ ಸೆಕ್ರೆಟರಿ ನೋಟಿಸ್ ಅಂಟಿಸಿದ್ದಾರೆ. ಅಮ್ಮ ಕೊಡೋಕೆ ತಯಾರಿಲ್ಲ. ನನಗೆ ಗಾಡಿ ಓಡಿಸೋಕೆ ಬರುತ್ತೆ, ರಿಪೇರಿ ಬಗ್ಗೆ ಏನೂ ಗೊತ್ತಿಲ್ಲ. ನಾಲ್ಕೂ ಟೈರ್ ಕೂತಿವೆ, ಬ್ಯಾಟರಿ ಸತ್ತಿದೆ, ಬಾನೆಟ್ ಕಷ್ಟಪಟ್ಟು ತೆರೆಯುತ್ತೆ. ಎಲ್ಲಿಂದ ಶುರು ಮಾಡಲಿ?

ಥಾಣೆ ಸವಾರ
ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಹೊಸ ಬ್ಯಾಟರಿ ಹಾಕಿ, ಐದು ಲೀಟರ್ ಪೆಟ್ರೋಲ್ ಸುರಿದು ಸೆಲ್ಫ್ ಹೊಡೀರಿ. ಆಗಿಲ್ಲಾಂದ್ರೆ ನಾಲ್ಕು ಜನ ಸೇರಿ ಧಕ್ಕಾ. ಪದ್ಮಿನಿ ಅಂದ್ರೆ ಫಿಯಟ್ ತಾನೇ, ಫಿಯಟ್ ಇಂಜಿನ್ ಸಾಯಲ್ಲ.

ಕುರ್ಲಾ ಮಾಮ
ಮಗಳೇ, ದಯವಿಟ್ಟು ಮೇಲಿನವರ ಮಾತು ಕೇಳಬೇಡ. ಸೆಲ್ಫ್ ಹೊಡೆಯೋದು ಕೊನೆಯ ಕೆಲಸ, ಮೊದಲನೆಯದಲ್ಲ.

ಯಾಕೆ ಅಂತ ಹೇಳ್ತೀನಿ. ಇಷ್ಟು ವರ್ಷ ನಿಂತ ಇಂಜಿನ್‌ನಲ್ಲಿ ಆಯಿಲ್ ಎಲ್ಲ ಇಳಿದು ಕೆಳಗಿನ ಸಂಪಿನಲ್ಲಿ ಕೂತಿರುತ್ತೆ. ಸಿಲಿಂಡರ್ ಗೋಡೆ ಒಣಗಿರುತ್ತೆ. ಮುಂಬಯಿ ತೇವಕ್ಕೆ ಪಿಸ್ಟನ್ ರಿಂಗಿನ ಜಾಗದಲ್ಲಿ ತೆಳುವಾಗಿ ತುಕ್ಕು ಹಿಡಿದಿರಬಹುದು. ಹಾಗಿರುವಾಗ ಏಕಾಏಕಿ ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತೆ, ಬೋರ್‌ನಲ್ಲಿ (ಸಿಲಿಂಡರ್ ಒಳಗೋಡೆಯಲ್ಲಿ) ಗೆರೆ ಬೀಳುತ್ತೆ. ಐನೂರು ರೂಪಾಯಿ ಆಯಿಲಿನಲ್ಲಿ ಮುಗಿಯೋ ಕೆಲಸ ಇಂಜಿನ್ ಬಿಚ್ಚೋವರೆಗೆ ಹೋಗುತ್ತೆ. ಧಕ್ಕಾ ಕೊಟ್ಟರೂ ಅದೇ ಕಥೆ. ಮೇಲಾಗಿ ಟ್ಯಾಂಕಿನಲ್ಲಿ ಉಳಿದ ಹಳೇ ಪೆಟ್ರೋಲ್ ಗೋಂದಿನ ಹಾಗೆ ಆಗಿರುತ್ತೆ. ಅದರ ಮೇಲೆ ಹೊಸದು ಸುರಿದರೆ ಆ ಕೊಳೆಯೆಲ್ಲ ಕರಗಿ ಕಾರ್ಬುರೇಟರ್ ಜೆಟ್ಟಿಗೆ (ಪೆಟ್ರೋಲ್ ಹೋಗೋ ಸಣ್ಣ ತೂತಿಗೆ) ಹೋಗಿ ಕೂರುತ್ತೆ.

ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚು. ಯಾವ ವೈರ್ ಯಾವ ಪ್ಲಗ್ಗಿಗೆ ಅಂತ ಟೇಪ್ ಹಚ್ಚಿ ನಂಬರ್ ಬರಿ, ಫೋನಲ್ಲಿ ಫೋಟೋನೂ ತಗೋ. ಬಿಚ್ಚೋ ಮುಂಚೆ ಪ್ಲಗ್ ಸುತ್ತಲಿನ ಧೂಳು ಊದಿ ತೆಗಿ, ಇಲ್ಲಾಂದ್ರೆ ಒಳಗೆ ಬೀಳುತ್ತೆ. ಪ್ರತಿ ತೂತಿಗೆ ಒಂದೊಂದು ಚಮಚ ತೆಳು ಇಂಜಿನ್ ಆಯಿಲ್. ಎರಡು ದಿನ ಸುಮ್ನೆ ಬಿಡು. ಅಷ್ಟರಲ್ಲಿ ಕೆಳಗಿನ ಹಳೇ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಿ 20ಡಬ್ಲ್ಯೂ-40 ದರ್ಜೆಯ ಆಯಿಲ್ ಹಾಕು. ಇಳಿಸಿದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ. ಆಗ ಮುಂದೆ ಹೋಗದೆ ಇಲ್ಲಿ ಬಂದು ಹೇಳು.

ಆಮೇಲೆ ಇಂಜಿನ್ ಕೈಯಲ್ಲಿ ತಿರುಗುತ್ತಾ ನೋಡಬೇಕು. ಕೈಯಲ್ಲಿ ತಿರುಗದ ಇಂಜಿನ್‌ಗೆ ಬ್ಯಾಟರಿ ಜೋಡಿಸೋದೇ ಬೇಡ.

ಥಾಣೆ ಸವಾರ
ಇಷ್ಟೆಲ್ಲ ಯಾರು ಮಾಡ್ತಾರೆ ಮಾಮ? ನಮ್ಮ ಬಾವನ ಅಂಬಾಸಿಡರ್ ಎರಡು ವರ್ಷ ನಿಂತಿತ್ತು. ಧಕ್ಕಾ ಕೊಟ್ಟ ಕೂಡಲೇ ಸ್ಟಾರ್ಟ್.

ಕುರ್ಲಾ ಮಾಮ
ಎರಡು ವರ್ಷಕ್ಕೂ ಲೆಕ್ಕವಿಲ್ಲದಷ್ಟು ಮಳೆಗಾಲಕ್ಕೂ ವ್ಯತ್ಯಾಸ ಇದೆ. ನಿಮ್ಮ ಬಾವನ ಅದೃಷ್ಟ ಎಲ್ಲರಿಗೂ ಇರಲ್ಲ.

ಕೊಥ್ರೂಡ್ ಕಾಕಾ
ಎಲ್ಲರೂ ಇಂಜಿನ್ ಇಂಜಿನ್ ಅಂತಿದ್ದೀರಲ್ರೀ, ಬ್ರೇಕ್ ಬಗ್ಗೆ ಒಬ್ಬರೂ ಮಾತಾಡಿಲ್ಲ! ಗಾಡಿ ಸ್ಟಾರ್ಟ್ ಆಗದಿದ್ದರೆ ಯಾರಿಗೂ ಏನೂ ಆಗಲ್ಲ. ಸ್ಟಾರ್ಟ್ ಆಗಿ ನಿಲ್ಲದಿದ್ದರೆ?

ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಅದರ ಗುಣವೇ ಅದು. ವರ್ಷಗಟ್ಟಲೆ ನಿಂತರೆ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಅಲ್ಲೇ ಅಂಟಿಕೊಳ್ಳುತ್ತೆ. ರಬ್ಬರ್ ಕಪ್ ಒಣಗಿರುತ್ತೆ. ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತೆ. ನಾವು ಬೆಳಗಾವಿಯಿಂದ ಪುಣೆಗೆ ತಂದ ಫಿಯಟ್‌ನಲ್ಲಿ ಹಿಂದಿನ ಎಡಗಡೆ ಡ್ರಮ್ ತೆಗೆಯೋಕೆ ಒಂದು ಇಡೀ ಸಂಜೆ ಹೋಯ್ತು. ಸುತ್ತಿಗೆಯಿಂದ ಡ್ರಮ್ಮಿನ ಅಂಚಿಗೆ ಸುತ್ತಲೂ ಸಣ್ಣಗೆ ತಟ್ಟುತ್ತಾ, ತುಕ್ಕಿಗೆ ಎಣ್ಣೆ ಬಿಡುತ್ತಾ ಕೂತಿದ್ದೆವು. ಕೊನೆಗೆ ಬಂದಾಗ ಲೈನಿಂಗ್ ಶೂ ಬಿಟ್ಟು ಡ್ರಮ್ಮಿಗೇ ಅಂಟಿಕೊಂಡು ಬಂತು!

ಆದ್ದರಿಂದ ತಂಗಿ, ನಾಲ್ಕೂ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿಸು. ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತೆ. ಇನ್ನೊಂದು ಮಾತು. ಯಾವ ಮಿಸ್ತ್ರಿಯಾದರೂ ಬ್ರೇಕ್ ಡಬ್ಬಿಗೆ ಇಂಜಿನ್ ಆಯಿಲ್ ಹಾಕ್ತೀನಿ ಅಂದ್ರೆ ಅಲ್ಲಿಂದಲೇ ವಾಪಸ್ ಬಾ. ಒಂದೇ ವಾರದಲ್ಲಿ ಎಲ್ಲ ರಬ್ಬರ್ ಉಬ್ಬಿಹೋಗುತ್ತೆ.

ಫೋಂಡಾ ಮಾಣಿ
ಕಾಕಾ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಕುಮಟಾದವ, ಕೆಲಸ ಗೋವಾದ ವೆರ್ಣಾದಲ್ಲಿ. ನಮ್ಮ ಮಾವನ ಮನೆ ಫೋಂಡಾ ಹತ್ತಿರ, ಅಡಿಕೆ ತೋಟದ ನಡುವೆ. ಅಲ್ಲಿ ಶೆಡ್ಡಿನಲ್ಲಿ ಅವರ ಮಾರುತಿ 800 ಇತ್ತು, ಕಾರ್ಬುರೇಟರ್ ಮಾಡೆಲ್. ಏರ್ ಫಿಲ್ಟರ್ ಡಬ್ಬ ಬಿಚ್ಚಿದರೆ ಒಳಗೆ ಇಲಿ ಗೂಡು ಮಾರಾಯ್ರೆ. ಅಡಿಕೆ ಸಿಪ್ಪೆ, ಹಳೇ ಮರಾಠಿ ಪೇಪರಿನ ಚೂರು, ಸೀಟಿನ ಸ್ಪಂಜು ಎಲ್ಲ ಸೇರಿಸಿ ಮೆತ್ತಗೆ ಹಾಸಿಗೆ ಮಾಡಿಕೊಂಡಿತ್ತು. ಅದು ಸಾಲದು ಅಂತ ಡ್ಯಾಶ್‌ಬೋರ್ಡ್ ಹಿಂದಿನ ವೈರು ಕಡಿದು ತಾಮ್ರ ಕಾಣಿಸ್ತಿತ್ತು. ಹಾಗೇ ಬ್ಯಾಟರಿ ಕೊಟ್ಟಿದ್ದರೆ ಶೆಡ್ಡಿಗೇ ಬೆಂಕಿ.

ಚೆಂಬೂರಿನ ಇಲಿಗಳು ಇನ್ನೂ ದೊಡ್ಡವು ಅಂತ ಕೇಳಿದ್ದೇನೆ. ಬ್ಯಾಟರಿ ಜೋಡಿಸುವ ಮೊದಲು ಟಾರ್ಚ್ ಹಿಡಿದು ಪ್ರತಿ ವೈರನ್ನೂ ನೋಡಿ. ಸೈಲೆನ್ಸರ್ ಕೊಳವೆಗೂ ಇಣುಕಿ.

ಇನ್ನೊಂದು ಕರಾವಳಿ ಕಾಯಿಲೆ ಇದೆ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಳ್ಳೋದು. ಕ್ಲಚ್ ತುಳಿದರೂ ಗೇರ್ ಬೀಳಲ್ಲ, ಗರಗರ ಅನ್ನುತ್ತೆ. ಗೇರ್‌ಬಾಕ್ಸ್ ಹೋಯ್ತು ಅಂತ ಹೆದರಬೇಡಿ.

ಚೆಂಬೂರು ಹುಡುಗಿ
ಅಯ್ಯೋ ಇಷ್ಟೆಲ್ಲ ಇದೆಯಾ! ಕುರ್ಲಾ ಮಾಮ, ಪ್ಲಗ್ ಬಿಚ್ಚಿದೆ. ಮೂರು ಬಂತು, ನಾಲ್ಕನೆಯದು ಬಿಗಿ. ಆಯಿಲ್ ಕಪ್ಪಗೆ ಗಟ್ಟಿಯಾಗಿ ಇಳಿಯಿತು, ಕಾಫಿ ಬಣ್ಣ ಇಲ್ಲ. ಕೈಯಲ್ಲಿ ತಿರುಗಿಸೋದು ಅಂದ್ರೆ ಹೇಗೆ? ಎಲ್ಲಿ ಹಿಡಿಯೋದು?

ಕುರ್ಲಾ ಮಾಮ
ಬಿಗಿಯಾದ ಪ್ಲಗ್ಗನ್ನು ಜಗ್ಗಬೇಡ. ಬುಡಕ್ಕೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡು. ಮರುದಿನ ಮೊದಲು ಸ್ವಲ್ಪ ಬಿಗಿ ಮಾಡೋ ಕಡೆಗೆ, ಆಮೇಲೆ ಬಿಚ್ಚೋ ಕಡೆಗೆ. ಸಿಲಿಂಡರ್ ಹೆಡ್ಡಿನಲ್ಲಿ ಪ್ಲಗ್ ಕೂರೋ ಥ್ರೆಡ್ ಕಿತ್ತು ಬಂದರೆ ದೊಡ್ಡ ಕೆಲಸ.

ತಿರುಗಿಸೋದು ಸುಲಭ. ಮುಂದೆ ಫ್ಯಾನ್ ಬೆಲ್ಟ್ ಕೆಳಗಡೆ ಕ್ರ್ಯಾಂಕ್ ಪುಲ್ಲಿ ಇರುತ್ತೆ. ಗೇರ್ ನ್ಯೂಟ್ರಲ್‌ನಲ್ಲಿಡು, ಪುಲ್ಲಿಯ ನಡುವಿನ ನಟ್ಟಿಗೆ ಉದ್ದ ಹಿಡಿಕೆಯ ಪಾನಾ (ಸ್ಪ್ಯಾನರ್) ಹಾಕು, ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ನಿಧಾನ ಒತ್ತು. ಮೇಲೆ ಹತ್ತಿ ಕುಣಿಯಬೇಡ. ಅಲುಗದಿದ್ದರೆ ಇನ್ನಷ್ಟು ಆಯಿಲ್, ಇನ್ನೆರಡು ದಿನ. ಒಂದಿಂಚು ಅಲುಗಿತು ಅಂದ್ರೆ ಹಿಂದೆ ಮುಂದೆ ಮಾಡುತ್ತಾ ಪೂರ್ತಿ ಸುತ್ತಿಗೆ ತರಬಹುದು.

ಹೇಗೂ ಇಂಜಿನ್ ಹಿಂದಿನ ಚಕ್ರ ತಿರುಗಿಸೋ ಗಾಡಿ. ಬ್ರೇಕ್ ಬಿಟ್ಟಿದ್ದರೆ ಒಂದು ಹಿಂದಿನ ಚಕ್ರ ಜ್ಯಾಕ್ ಮೇಲೆತ್ತಿ, ಟಾಪ್ ಗೇರ್ ಹಾಕಿ ಚಕ್ರವನ್ನೇ ತಿರುಗಿಸಿದರೂ ಇಂಜಿನ್ ತಿರುಗುತ್ತೆ. ಆದರೆ ಆ ನೆಲ ಗಟ್ಟಿ ಇದೆಯಾ ನೋಡು. ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಡು. ಜ್ಯಾಕ್ ಒಂದರ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡ.

ಖಾರ್‌ಘರ್ ಲೆಕ್ಕಿಗ
ಯಾರೂ ಕೇಳದ ಪ್ರಶ್ನೆ ನಾನು ಕೇಳ್ತೀನಿ. ಇದೆಲ್ಲ ಯಾಕೆ? ಬ್ರೇಕು, ಟೈರು, ಬ್ಯಾಟರಿ, ಟ್ಯಾಂಕು, ತುಕ್ಕು, ಪೇಂಟು ಎಲ್ಲ ಸೇರಿದರೆ ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತೆ. ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಏಸಿ ಇಲ್ಲ. ಹೊಸ ಬಿಲ್ಡಿಂಗ್ ಆಗೋವರೆಗೆ ಬಾಡಿಗೆ ಮನೆಯಲ್ಲಿ ಪಾರ್ಕಿಂಗ್ ಎಲ್ಲಿಂದ ತರ್ತಾರೆ? ಸರ್ಕಾರಿ ನೋಂದಣಿಯ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಸರ್ಟಿಫಿಕೇಟ್ ಕೊಡ್ತಾರೆ, ಆರ್‌ಸಿ ರದ್ದಾಗುತ್ತೆ, ಮುಂದೆ ತಲೆನೋವಿಲ್ಲ. ಕೊಡೋದಾದರೆ ಅಲ್ಲಿಗೇ ಕೊಡಿ, ಸೊಸೈಟಿಯವರ ಭಂಗಾರದವನಿಗಂತೂ ಬೇಡ. ಆರ್‌ಸಿ ನಿಮ್ಮ ಅಪ್ಪನ ಹೆಸರಲ್ಲೇ ಉಳಿದು ನಂಬರ್ ಪ್ಲೇಟ್ ಇನ್ಯಾವುದೋ ಗಾಡಿ ಮೇಲೆ ತಿರುಗುತ್ತೆ.

ಡೊಂಬಿವಲಿ ಅಕ್ಕ
ಅಮ್ಮ ಕೊಡೋಕೆ ತಯಾರಿಲ್ಲ ಅಂತ ಮೊದಲನೇ ಪೋಸ್ಟಿನಲ್ಲೇ ಬರೆದಿದ್ದಾಳೆ. ಓದಿಲ್ವಾ?

ಖಾರ್‌ಘರ್ ಲೆಕ್ಕಿಗ
ಓದಿದ್ದೇನೆ ಅಕ್ಕ. ದುಡ್ಡು ಯಾರದ್ದು ಅಂತ ಅಲ್ಲಿ ಬರೆದಿಲ್ಲ.

ಕೊಥ್ರೂಡ್ ಕಾಕಾ
ಲೆಕ್ಕ ಸರಿ ಇರಬಹುದು. ಆದರೆ ಎಲ್ಲ ಒಟ್ಟಿಗೆ ಮಾಡಬೇಕು ಅಂತ ಏನಿಲ್ಲ. ಪೇಂಟ್ ಮುಂದಿನ ವರ್ಷವೂ ಆಗುತ್ತೆ. ಮೊದಲು ಬ್ರೇಕ್, ಪೆಟ್ರೋಲ್ ಲೈನ್, ಟೈರ್, ವೈರಿಂಗ್. ಈ ನಾಲ್ಕರಲ್ಲಿ ಕಂಜೂಸಿ ಮಾಡಬಾರದು.

ತುಕ್ಕಿನ ವಿಷಯ ಬಂತಲ್ಲ, ಅದನ್ನು ಮಾತ್ರ ಖರ್ಚು ಮಾಡೋ ಮುಂಚೆ ನೋಡಬೇಕು. ಒಳಗಿನ ಕಾರ್ಪೆಟ್ ಎತ್ತಿ. ಡ್ರೈವರ್ ಕಾಲಿನ ಕೆಳಗೆ, ಬಾಗಿಲಿನ ಹೊಸ್ತಿಲಿನಲ್ಲಿ, ಜ್ಯಾಕ್ ಇಡೋ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಚುಚ್ಚಿ ನೋಡಿ. ಠಣ್ ಅಂದರೆ ಒಳ್ಳೇದು. ಬಿಸ್ಕತ್ತಿನ ಹಾಗೆ ಪುಡಿಯಾಗಿ ತೂತು ಬಿದ್ದರೆ ಲೆಕ್ಕಿಗರ ಮಾತು ಯೋಚಿಸಿ. ಇಂಜಿನ್ ಸರಿ ಮಾಡಬಹುದು, ಕರಗಿಹೋದ ಚಾಸಿಗೆ ತೇಪೆ ಹಾಕುತ್ತಾ ಕೂತರೆ ಮುಗಿಯಲ್ಲ.

ವಾಶಿ ವಕೀಲ
ಕಾಗದಪತ್ರದ ಬಗ್ಗೆ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಜನ ಇಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ಸೀದಾ ರಸ್ತೆಗೆ ಇಳಿಯುತ್ತಾರೆ.

ಖಾಸಗಿ ಕಾರಿನ ಆರ್‌ಸಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅರ್ಜಿ ನಮೂನೆ 25. 1993ರ ಗಾಡಿ 2008ರಲ್ಲಿ ಮೊದಲ ಸಲ ನವೀಕರಣ ಆಗಿರಬೇಕು, ಮತ್ತೆ 2013, 2018, 2023. ಅಪ್ಪ ಎಲ್ಲಿ ನಿಲ್ಲಿಸಿದ್ದಾರೆ ನೋಡಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದರು. ನಿಮ್ಮದು ಎರಡನೆಯ ಸಾಲಿಗೆ ಬರುತ್ತೆ. ತಡವಾದ ತಿಂಗಳಿಗೆ ಪ್ರತ್ಯೇಕ ದಂಡ. ಮಹಾರಾಷ್ಟ್ರದ ಪರಿಸರ ತೆರಿಗೆಯೂ ಇದೆ.

ತಂದೆ ಹೆಸರಿನಲ್ಲಿರೋ ಗಾಡಿ ವಾರಸುದಾರರ ಹೆಸರಿಗೆ ಆಗಬೇಕು. ಅದು ನಮೂನೆ 31. ಮರಣದ ವಿಷಯ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ನಿಯಮ. ಮರಣ ಪ್ರಮಾಣಪತ್ರ, ಅಮ್ಮ ಮತ್ತು ಒಡಹುಟ್ಟಿದವರ ಒಪ್ಪಿಗೆ ಈಗಲೇ ತಯಾರು ಮಾಡಿಟ್ಟುಕೊಳ್ಳಿ.

ಆರ್‌ಸಿ ಮುಗಿದಿದ್ದರೆ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದಿದ್ದರೆ ಗೇಟಿನಿಂದ ಹೊರಗೆ ಓಡಿಸಬೇಡಿ. ಯಾರಿಗಾದರೂ ತಾಗಿದರೆ ಪರಿಹಾರ ನಿಮ್ಮ ಮನೆಯಿಂದಲೇ ಹೋಗುತ್ತೆ. ತಪಾಸಣೆಗೆ ಟೋಯಿಂಗ್ ಲಾರಿ ಮೇಲೆ ಒಯ್ಯಿರಿ. ಹೊಸ ನಮೂನೆಯ ನಂಬರ್ ಪ್ಲೇಟೂ ಬೇಕು, 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಎಲ್ಲ ಗಾಡಿಗೂ ಮಹಾರಾಷ್ಟ್ರದಲ್ಲಿ ಅದು ಕಡ್ಡಾಯ.

ಮಲಾಡ್ ಮಲ್ಲ
ವಿಂಟೇಜ್ ಅಂತ ಮಾಡಿಸಿದರೆ ಇದೆಲ್ಲ ತಪ್ಪುತ್ತಾ?

ವಾಶಿ ವಕೀಲ
ಇಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ನೋಂದಣಿಗೆ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. 1993ರ ಗಾಡಿಗೆ ಇನ್ನೂ ಬಹಳ ವರ್ಷ ಇದೆ.

ಮಲಾಡ್ ಮಲ್ಲ
ಸರಿ ಬಿಡಿ. ದಿಲ್ಲಿ ಥರ 15 ವರ್ಷಕ್ಕೇ ಎತ್ತಿಕೊಂಡು ಹೋಗಲ್ವಲ್ಲ ಇಲ್ಲಿ, ಅಷ್ಟೇ ಪುಣ್ಯ.

ಮುಲುಂಡ್ ಮೀಟರ್
ಎಲ್ಲ ಮಾಡಿ ಕೊನೆಗೆ ಬಂಕಿನಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ತುಂಬಿಸ್ತೀರಲ್ಲ, ಅಲ್ಲಿಗೆ ಮುಗೀತು. ಹಳೇ ಗಾಡಿಯ ರಬ್ಬರ್ ತಿಂದು ಹಾಕುತ್ತೆ.

ಥಾಣೆ ಸವಾರ
ಸುಮ್ನೆ ಹೆದರಿಸಬೇಡಿ. ನನ್ನ ಹಳೇ ಸ್ಕೂಟರ್ ಇ20ನಲ್ಲೇ ಓಡ್ತಿದೆ.

ಮುಲುಂಡ್ ಮೀಟರ್
ದಿನಾ ಓಡೋ ಸ್ಕೂಟರ್ ಬೇರೆ. ತಿಂಗಳಿಗೆ ಒಂದು ಸಲ ಹೊರಗೆ ತೆಗೆಯೋ ಪದ್ಮಿನಿ ಬೇರೆ.

ಕುರ್ಲಾ ಮಾಮ
ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಎಥನಾಲ್ ನೀರು ಎಳೆಯುತ್ತೆ. ಟ್ಯಾಂಕ್ ಅರ್ಧ ಖಾಲಿ ಇಟ್ಟು ನಿಲ್ಲಿಸಿದರೆ ಮುಂಬಯಿ ಗಾಳಿಯ ತೇವ ಅದರಲ್ಲಿ ಸೇರಿ ನೀರು ಕೆಳಗೆ ಬೇರೆಯಾಗಿ ಕೂರುತ್ತೆ, ಟ್ಯಾಂಕ್ ಒಳಗಿನಿಂದ ತುಕ್ಕು. ಹಳೇ ಕಾಲದ ಪೆಟ್ರೋಲ್ ಪೈಪು, ಫ್ಯುಯಲ್ ಪಂಪಿನ ಡಯಾಫ್ರಾಮ್ ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಅವು ಮೆತ್ತಗಾಗಿ ಬಿರುಕು ಬಿಡುತ್ತವೆ. ಪೈಪ್ ಬಿರುಕು ಬಿಟ್ಟು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತೆ ಹೇಳಬೇಕಾಗಿಲ್ಲ.

ಪರಿಹಾರ ದುಬಾರಿ ಏನಲ್ಲ. ಇಂಜೆಕ್ಷನ್ ಗಾಡಿಗೆ ಹಾಕೋ ದರ್ಜೆಯ ಪೈಪು ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಇರೋ ರಬ್ಬರ್ ಎಲ್ಲ ಬದಲಿಸಿ. ಪಂಪಿಗೆ ಹೊಸ ಕಿಟ್. ಇ20ನಲ್ಲಿ ಕಾರ್ಬುರೇಟರ್ ಗಾಡಿ ಸ್ವಲ್ಪ ತೆಳು ಮಿಶ್ರಣದಲ್ಲಿ ಓಡುತ್ತೆ, ಎಳೆತ ಕಮ್ಮಿ ಅನ್ನಿಸುತ್ತೆ. ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಟ್ಯೂನ್ ಮಾಡಿದರೆ ಸರಿ. ಜಾಸ್ತಿ ದಿನ ನಿಲ್ಲಿಸೋದಾದರೆ ಕಾರ್ಬುರೇಟರ್ ಬೌಲ್ ಖಾಲಿ ಮಾಡಿ ನಿಲ್ಲಿಸಿ.

ಡೊಂಬಿವಲಿ ಅಕ್ಕ
ಮೊದಲು ಸೀಸ ತೆಗೆದಾಗಲೂ ಹೀಗೇ ಗಲಾಟೆ ಮಾಡಿದ್ರು. ಸೀಸ ಇಲ್ಲದ ಪೆಟ್ರೋಲ್ ಹಾಕಿದರೆ ಫಿಯಟ್ ಸತ್ತೇ ಹೋಗುತ್ತೆ ಅಂತ ನಮ್ಮ ಮನೆಯವರು ರಾತ್ರಿಯೆಲ್ಲ ಚಿಂತೆ ಮಾಡಿದ್ರು. ಸಾಯಲಿಲ್ಲ.

ಕುರ್ಲಾ ಮಾಮ
ಅಕ್ಕ, ಚಿಂತೆಗೆ ಕಾರಣ ಇತ್ತು. ಸೀಸ ಇಂಜಿನ್ ವಾಲ್ವ್ ಮತ್ತು ಅದು ಕೂರೋ ಸೀಟಿನ ನಡುವೆ ಮೆತ್ತೆ ಕೊಡ್ತಿತ್ತು. ಮೆತ್ತನೆ ಸೀಟಿನ ಹಳೇ ಇಂಜಿನ್ ಜೋರಾಗಿ ಓಡಿಸಿದರೆ ಸೀಟ್ ಸವೆಯುತ್ತೆ. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಬಂತು, 2000ದ ಫೆಬ್ರವರಿಗೆ ದೇಶಪೂರ್ತಿ. ಊರೊಳಗೆ ನಿಧಾನ ಓಡೋ ಗಾಡಿಗೆ ಅಷ್ಟು ತೊಂದರೆ ಆಗಲಿಲ್ಲ. ಟ್ಯಾಕ್ಸಿಯವರು ಇಂಜಿನ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿಕೊಂಡರು.

ದಾದರ್ ದಾಸ
ಟ್ಯಾಕ್ಸಿ ಅಂದ ಕೂಡಲೇ ನೆನಪಾಯ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29. ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಮುಂಬಯಿ ರಸ್ತೆಯಲ್ಲಿ ಪದ್ಮಿನಿ ಕಾಲಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಇಲ್ಲ. ಹಿಂದಿನ ಸೀಟಿನಲ್ಲಿ ಐದು ಜನ, ಮೇಲೆ ಕ್ಯಾರಿಯರ್‌ನಲ್ಲಿ ಊರಿಗೆ ಹೋಗೋ ಟ್ರಂಕು. ಈಗಿನ ಗಾಡಿಯಲ್ಲಿ ಮೂರು ಜನಕ್ಕೇ ಗೊಣಗುತ್ತಾರೆ.

ಮಾಟುಂಗಾ ಮಯ್ಯ
ನನಗೆ ಅದಕ್ಕಿಂತ ಹಿಂದಿನ ಡುಕ್ಕರ್ (ಮರಾಠಿಯಲ್ಲಿ ಹಂದಿ) ಫಿಯಟ್ ನೆನಪಿದೆ. ಗುಂಡಗೆ ಇತ್ತು. ಮೈಸೂರ್ ಅಸೋಸಿಯೇಷನ್ ಕಾರ್ಯಕ್ರಮಕ್ಕೆ ಒಬ್ಬ ಹಿರಿಯರು ಅದರಲ್ಲೇ ಬರ್ತಿದ್ರು. ಗಾಡಿ ಗೇಟಿಗೆ ಬಂದರೆ ಒಳಗಿದ್ದವರಿಗೆಲ್ಲ ಗೊತ್ತಾಗ್ತಿತ್ತು, ಅಷ್ಟು ಸದ್ದು.

ದಾದರ್ ದಾಸ
ಕಾರ್ಯಕ್ರಮ ಮುಗಿದ ಮೇಲೆ ಮಾಟುಂಗಾ ಸ್ಟೇಷನ್ ಹತ್ತಿರ ಇಡ್ಲಿ. ಅದನ್ನೂ ಬರೀರಿ ಮಯ್ಯರೆ.

ಮಾಟುಂಗಾ ಮಯ್ಯ
ಈಗ ಅಲ್ಲಿ ಭಾನುವಾರ ಬೆಳಿಗ್ಗೆ ಕ್ಯೂ ನಿಂತು ನಿಂತು ಹಸಿವೇ ಸತ್ತುಹೋಗುತ್ತೆ.

ಫೋಂಡಾ ಮಾಣಿ
ಗಾಡಿ ವಿಷಯಕ್ಕೆ ಬನ್ನಿ ಮಾರಾಯ್ರೆ. ಹುಡುಗಿ ಪಾನಾ ಹಿಡ್ಕೊಂಡು ಕಾಯ್ತಿದ್ದಾಳೆ, ಇವರು ಇಡ್ಲಿ ತಿನ್ನುತ್ತಿದ್ದಾರೆ.

ಚೆಂಬೂರು ಹುಡುಗಿ
ಇಂಜಿನ್ ತಿರುಗಿತು!! ಮೊದಲು ಕಲ್ಲಿನ ಹಾಗೆ ಇತ್ತು. ಮಾಮ ಹೇಳಿದ ಹಾಗೆ ಮತ್ತೆ ಆಯಿಲ್ ಬಿಟ್ಟು ಕಾದೆ. ಕೆಳಗಿನ ಮನೆ ಅಣ್ಣ ಪಾನಾಕ್ಕೆ ಕಬ್ಬಿಣದ ಕೊಳವೆ ಸಿಕ್ಕಿಸಿ ಮೆತ್ತಗೆ ಒತ್ತಿದರು. ಒಳಗಿಂದ ಪ್ಲಗ್ ತೂತಿನ ಕಡೆ ಪುಸ್ ಅಂತ ಗಾಳಿ ಬಂತು, ಜೊತೆಗೆ ಕಂದು ಬಣ್ಣದ ಆಯಿಲ್ ಹನಿ. ನಾಲ್ಕು ತೂತಿನಿಂದಲೂ ಗಾಳಿ ಬರ್ತಿದೆ.

ಕಾರ್ಪೆಟ್ ಎತ್ತಿ ಚುಚ್ಚಿ ನೋಡಿದೆವು. ಡ್ರೈವರ್ ಕಡೆ ಗಟ್ಟಿ ಇದೆ. ಪಕ್ಕದ ಸೀಟಿನ ಕಾಲಿನ ಹತ್ತಿರ ಅಂಗೈ ಅಗಲ ಹೋಗಿದೆ, ಅಲ್ಲಿ ಮಳೆ ನೀರು ಸೋರಿ ನಿಲ್ತಿತ್ತು ಅಂತ ಕಾಣುತ್ತೆ. ಹೊಸ್ತಿಲು ಎರಡೂ ಠಣ್ ಅಂದವು.

ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಇಲ್ಲ. ಬೂಟ್ ಪಾಲಿಶ್ ಮತ್ತು ವಾರ್ನಿಶ್ ಸೇರಿಸಿದ ಹಾಗೆ. ಸಣ್ಣ ಕೊಳವೆಯಲ್ಲಿ ಹೀರಿ ಬಾಟಲಿಗೆ ತೆಗೆದೆವು. ಕಡು ಕೆಂಪು, ತಳದಲ್ಲಿ ತುಕ್ಕಿನ ಚಕ್ಕೆ. ಇದನ್ನು ಏನು ಮಾಡೋದು?

ಕುರ್ಲಾ ಮಾಮ
ಭೇಷ್! ನಾಲ್ಕರಲ್ಲೂ ಗಾಳಿ ಬಂತು ಅಂದ್ರೆ ವಾಲ್ವ್ ಯಾವುದೂ ತೆರೆದು ಕಚ್ಚಿಕೊಂಡಿರಲಿಕ್ಕಿಲ್ಲ.

ಆ ಪೆಟ್ರೋಲ್ ಗಟಾರಕ್ಕೆ ಚೆಲ್ಲಬೇಡ, ಗ್ಯಾರೇಜಿನವರಿಗೆ ಕೊಡು, ಪಾರ್ಟ್ ತೊಳೆಯೋಕೆ ಬಳಸುತ್ತಾರೆ. ಇನ್ನು ಮುಂದೆ ಕೊಳವೆಗೆ ಬಾಯಿ ಹಾಕಬೇಡ, ಕೈಪಂಪು ಸಿಗುತ್ತೆ. ಟ್ಯಾಂಕ್ ಇಳಿಸಿ ಒಳಗೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿದರೆ ತುಕ್ಕು ಉದುರುತ್ತೆ. ಆಮೇಲೆ ತೊಳೆದು ಪೂರ್ತಿ ಒಣಗಿಸಬೇಕು. ಹಾಕಿದ ನಟ್ಟು ಎಣಿಸಿ ತೆಗೆಯಿರಿ. ಟ್ಯಾಂಕಿಗೆ ವೆಲ್ಡಿಂಗ್ ಬೇಕು ಅಂತ ಯಾರಾದರೂ ಹೇಳಿದರೆ ಗೊತ್ತಿರೋ ರೇಡಿಯೇಟರ್ ಅಂಗಡಿಯವರಿಂದ ಮಾತ್ರ ಮಾಡಿಸು. ಖಾಲಿ ಟ್ಯಾಂಕಿನ ಆವಿಯೇ ಸ್ಫೋಟ ಆಗುತ್ತೆ.

ಮೊದಲ ಸ್ಟಾರ್ಟಿಗೆ ಟ್ಯಾಂಕ್ ಬೇಕಾಗಿಲ್ಲ. ಹೊಸ ಪೆಟ್ರೋಲ್ ಸ್ವಲ್ಪ ಮುಚ್ಚಳವಿರೋ ಡಬ್ಬಿಗೆ ಹಾಕಿ ಪಂಪಿನ ಪೈಪ್ ಅದಕ್ಕೆ ಕೊಡು, ಡಬ್ಬಿ ಇಂಜಿನ್‌ನಿಂದ ದೂರ ಇರಲಿ. ಕಾರ್ಬುರೇಟರ್ ಬಿಚ್ಚಿ ಸ್ಪ್ರೇಯಿಂದ ತೊಳೆಸು, ಜೆಟ್ಟಿಗೆ ತಂತಿ ಚುಚ್ಚಬಾರದು, ತೂತು ದೊಡ್ಡದಾಗುತ್ತೆ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಭಾಗ) ಪಾಯಿಂಟ್ ಮೇಲೆ ಬೂದು ಪೊರೆ ಇರುತ್ತೆ, ನಯವಾದ ಎಮರಿ ಪೇಪರ್ ಒಂದೆರಡು ಸಲ ಆಡಿಸಿದರೆ ಸಾಕು. ಪಾರ್ಟ್ ಅಂಗಡಿಗೆ ಹೋದಾಗ ಕಂಡೆನ್ಸರ್ ಹೊಸದು ತಗೋ.

ರೇಡಿಯೇಟರಿಗೆ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ಸೋರುತ್ತಾ ನೋಡು. ಪ್ಲಗ್ ಹಾಕದೆಯೇ ಹೊಸ ಬ್ಯಾಟರಿಯಿಂದ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರುತ್ತಾ ನೋಡು. ಆರಿದ ಮೇಲೆ ಪ್ಲಗ್. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇರಲಿ. ಯಾರೋ ಒಬ್ಬ ಬಂದು ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರೀತೀನಿ ಅಂತಾನೆ, ಪ್ರತಿ ಗಲ್ಲಿಯಲ್ಲೂ ಅಂಥವನೊಬ್ಬ ಇರುತ್ತಾನೆ. ಬಿಡಬೇಡ, ಉಲ್ಟಾ ಬೆಂಕಿ ಬರುತ್ತೆ.

ಥಾಣೆ ಸವಾರ
ಅದು ನನ್ನ ಬಗ್ಗೆ ಹೇಳಿದ್ದಾ ಮಾಮ? 😄

ಕುರ್ಲಾ ಮಾಮ
ಹೆಸರು ಹೇಳಿಲ್ಲ.

ಕೊಥ್ರೂಡ್ ಕಾಕಾ
ಟೈರ್ ಮರೀಬೇಡಿ. ಗಾಳಿ ತುಂಬಿದ ಕೂಡಲೇ ಚೆನ್ನಾಗಿ ಕಾಣುತ್ತವೆ, ಅದೇ ಅಪಾಯ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2209 ಅಂದ್ರೆ 2009ರ 22ನೇ ವಾರ. ಹತ್ತು ವರ್ಷ ದಾಟಿದ್ದರೆ ಬಟನ್ (ಟೈರಿನ ಮೇಲಿನ ಹಲ್ಲು) ಎಷ್ಟೇ ಇರಲಿ, ಬದಲಿಸಿ. ಸ್ಟೆಪ್ನಿಯ ನಂಬರೂ ನೋಡಿ, ಅದನ್ನು ಎಲ್ಲರೂ ಬಿಡುತ್ತಾರೆ.

ಮುಲುಂಡ್ ಮೀಟರ್
ಬಿಡಿಭಾಗ ಎಲ್ಲಿ ಸಿಗುತ್ತೆ ಈಗ? ನನಗೂ ಒಂದು ಫ್ಯುಯಲ್ ಪಂಪ್ ಬೇಕಿತ್ತು.

ಕುರ್ಲಾ ಮಾಮ
ಕುರ್ಲಾ ಸಿಎಸ್‌ಟಿ ರಸ್ತೆಯಲ್ಲಿ ಹುಡುಕಿ. ಗಾಡಿ ಕಟ್ಟಿದ್ದು ಕುರ್ಲಾ ಕಾರ್ಖಾನೆಯಲ್ಲೇ ಅಲ್ವಾ, ಸಾಮಾನೂ ಅಲ್ಲೇ ಸುತ್ತಮುತ್ತ ಉಳಿದಿದೆ. ಹಳೇ ಪಾರ್ಟ್ ಕೈಯಲ್ಲಿ ಹಿಡ್ಕೊಂಡು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ.

ಕೊಥ್ರೂಡ್ ಕಾಕಾ
ಪುಣೆಯಲ್ಲಾದರೆ ನಾನಾ ಪೇಠ. ಬ್ರೇಕ್ ರಬ್ಬರ್ ಮಾತ್ರ ಸೀಲ್ ಇದ್ದ ಪ್ಯಾಕೆಟ್ಟೇ ತಗೊಳ್ರಿ. ಇಪ್ಪತ್ತು ವರ್ಷ ಶೆಲ್ಫಿನಲ್ಲಿದ್ದ ರಬ್ಬರ್ ಹೊಸದು ಅಂದರೂ ಹೊಸದಲ್ಲ. ಬೆರಳಲ್ಲಿ ಮಡಚಿ ಬಿರುಕು ನೋಡಿ.

ಚೆಂಬೂರು ಹುಡುಗಿ
ಶನಿವಾರ ಸಂಜೆ ಸ್ಟಾರ್ಟ್ ಆಯ್ತು. ಡಬ್ಬಿ ಪೆಟ್ರೋಲಿನಲ್ಲಿ. ಮಾಮ ಕುರ್ಲಾದಿಂದ ಖುದ್ದು ಬಂದಿದ್ದರು, ಟೈಮಿಂಗ್ ಅವರೇ ಕಿವಿಗೊಟ್ಟು ಹೊಂದಿಸಿದರು. ಮೊದಲು ಹಿಂದಿನಿಂದ ಇಡೀ ಬಿಲ್ಡಿಂಗ್ ತುಂಬ ಬಿಳಿ ಹೊಗೆ, ಎರಡನೇ ಮಹಡಿ ಆಂಟಿ ಕಿಟಕಿ ಹಾಕಿಕೊಂಡರು. ಸಿಲಿಂಡರಿಗೆ ಹಾಕಿದ ಆಯಿಲ್ ಸುಟ್ಟು ಮುಗಿದ ಮೇಲೆ ಹೊಗೆ ನಿಂತಿತು. ವಾಟರ್ ಪಂಪ್ ಸೋರ್ತಿದೆ, ಹಾಗಾಗಿ ಜಾಸ್ತಿ ಹೊತ್ತು ಓಡಿಸಲಿಲ್ಲ. ಕ್ಲಚ್ ಅಂಟಿಕೊಂಡಿಲ್ಲ. ಬ್ರೇಕ್ ಪೆಡಲ್ ನೆಲದವರೆಗೆ ಹೋಗುತ್ತೆ, ಕಾಕಾ ಹೇಳಿದ್ದೆಲ್ಲ ಲಿಸ್ಟ್ ಮಾಡಿದ್ದೇನೆ.

ಆರ್‌ಸಿ 2018ಕ್ಕೇ ಮುಗಿದಿದೆ. ವಕೀಲರೇ, ನಮೂನೆ 31 ತುಂಬ್ತಿದ್ದೇನೆ, ಸಂದೇಹ ಬಂದರೆ ಕೇಳ್ತೀನಿ. ಗಾಡಿಯನ್ನು ಟೋಯಿಂಗ್ ಲಾರಿಯಲ್ಲಿ ಚಿಕ್ಕಪ್ಪನ ಗೋವಂಡಿ ಗೋದಾಮಿಗೆ ಸಾಗಿಸ್ತೀವಿ, ಬ್ರೇಕ್ ಕೆಲಸ ಅಲ್ಲೇ. ಸೆಕ್ರೆಟರಿಗೆ ತಾರೀಖು ಬರೆದು ಕೊಟ್ಟಿದ್ದೇನೆ.

ಖಾರ್‌ಘರ್ ಲೆಕ್ಕಿಗ
ಒಳ್ಳೇದಾಯ್ತು. ಇಲ್ಲಿವರೆಗೆ ಎಷ್ಟು ಖರ್ಚಾಯ್ತು?

ಡೊಂಬಿವಲಿ ಅಕ್ಕ
ಅವಳಿಗೆ ಉಸಿರಾಡೋಕೆ ಬಿಡಿ.

ಫೋಂಡಾ ಮಾಣಿ
ಲಾರಿಗೆ ಹತ್ತಿಸುವಾಗ ಬ್ರೇಕ್ ಇಲ್ಲ ಅಂತ ಡ್ರೈವರಿಗೆ ಮೊದಲೇ ಹೇಳಿ. ವಿಂಚ್ ಹಗ್ಗದಿಂದಲೇ ಎಳೆಸಿ, ಮೇಲೆ ಹೋದ ಮೇಲೆ ನಾಲ್ಕೂ ಚಕ್ರಕ್ಕೆ ಬೆಲ್ಟ್ ಮತ್ತು ಉರುಳದಂತೆ ಅಡ್ಡಗಟ್ಟೆ ಕೊಡಿಸಿ. ಬಂಪರಿಗೆ ಕಟ್ಟೋಕೆ ಬಿಡಬೇಡಿ, ಹಳೇ ಬಂಪರ್ ಕೈಗೇ ಬರುತ್ತೆ.

ಮುಲುಂಡ್ ಮೀಟರ್
ಕುರ್ಲಾದಲ್ಲಿ ಪಂಪ್ ಸಿಕ್ತು ಮಾಮ, ಥ್ಯಾಂಕ್ಸ್. ಅದೇ ಅಂಗಡಿಯಲ್ಲಿ ವಾಟರ್ ಪಂಪಿನ ಕಿಟ್ಟೂ ಇತ್ತು, ಚೆಂಬೂರಿನವರಿಗೆ ಬೇಕಾಗುತ್ತೆ ಅಂತ ಒಂದು ತೆಗೆದಿಡೋಕೆ ಹೇಳಿದ್ದೇನೆ. ಮಂಗಳವಾರ ಅಂಗಡಿ ಬಂದ್, ಬೇರೆ ದಿನ ಹೋಗಿ.